ದೆಹಲಿಗೆ ಶಾಲಾ ಪ್ರವಾಸ: ಒಂದೇ ಪ್ರಶ್ನೆ ಹಿಡಿದು ನಾಲ್ಕು ದಿನ

ಮೊದಲ ಸಲ ಮಕ್ಕಳನ್ನು ದೆಹಲಿಗೆ ಕರೆದುಕೊಂಡು ಹೋದಾಗ ನಾವು ಕೆಂಪುಕೋಟೆ ಮುಂದೆ ಬಂದು ನಿಂತದ್ದು ಒಂದು ಸೋಮವಾರ. ಸೋಮವಾರ ಕೆಂಪುಕೋಟೆಗೆ ರಜೆ. ನಲವತ್ತೆರಡು ಮಕ್ಕಳು, ನಾಲ್ವರು ಶಿಕ್ಷಕರು, ಮುಚ್ಚಿದ ಗೇಟು. ತಪ್ಪು ನನ್ನದೇ. ಜಾಗಗಳ ಪಟ್ಟಿ ಮಾಡಿದ್ದೆ, ವಾರ ನೋಡಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಎರಡೂವರೆ ದಿನಕ್ಕೆ ಹದಿನಾಲ್ಕು ಜಾಗ ಹಾಕಿಕೊಂಡಿದ್ದೆ. ಬಸ್ ಇಳಿ, ಫೋಟೋ ತೆಗೆ, ಬಸ್ ಹತ್ತು. ವಾಪಸ್ ಬರುವಾಗ ರೈಲಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಒಂದೇ ಊರಲ್ಲಿ ಇಷ್ಟೊಂದು ಕೋಟೆ ಯಾಕೆ? ಒಬ್ಬ ರಾಜ ಕಟ್ಟಿದ್ದು ಇನ್ನೊಬ್ಬನಿಗೆ ಸಾಕಾಗ್ತಿರಲಿಲ್ವಾ?"

ಈ ಪ್ರಶ್ನೆ ಹೊರಡುವ ಮೊದಲೇ ಬರಬೇಕಿತ್ತು. ಮುಂದಿನ ಸಲದಿಂದ ನಾನು ಇಡೀ ಪ್ರವಾಸವನ್ನು ಅದರ ಮೇಲೇ ಕಟ್ಟುತ್ತಿದ್ದೇನೆ. ಕೆಳಗಿರುವುದು ಆ ಲೆಕ್ಕದ ಯೋಜನೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಸರಿಹೋಗುತ್ತದೆ. ಹತ್ತನೇ ತರಗತಿಯವರನ್ನು ಪರೀಕ್ಷೆಯ ವರ್ಷದಲ್ಲಿ ಇಷ್ಟು ದೂರ ಎಳೆದುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಹಂತ 1: ಜಾಗ ಆಮೇಲೆ, ಪ್ರಶ್ನೆ ಮೊದಲು

"ದೆಹಲಿಯೇ ಯಾಕೆ ಮತ್ತೆ ಮತ್ತೆ ರಾಜಧಾನಿಯಾಯಿತು? ಬಂದವರೆಲ್ಲ ಯಾಕೆ ಹೊಸದಾಗಿ ಕಟ್ಟಿದರು?" ಇದು ನಮ್ಮ ಪ್ರಶ್ನೆ. ನಿಮ್ಮದು ಬೇರೆ ಇರಬಹುದು. "1857ರಿಂದ 1947ರವರೆಗೆ ದೆಹಲಿ ಏನೇನು ಕಂಡಿತು" ಅನ್ನುವುದೂ ಒಳ್ಳೆಯ ಎಳೆಯೇ. ಆದರೆ ಒಂದೇ ಇರಲಿ. ಪ್ರಶ್ನೆ ಗಟ್ಟಿಯಾದರೆ ಯಾವ ಜಾಗ ಬಿಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ನಮ್ಮ ಪಟ್ಟಿಯಿಂದ ಕಮಲ ಮಂದಿರ, ಅಕ್ಷರಧಾಮ ಎರಡೂ ಬಿದ್ದುಹೋದವು. ಚಂದದ ಜಾಗಗಳೇ, ಈ ಪ್ರಶ್ನೆಗೆ ಬೇಕಿಲ್ಲ ಅಷ್ಟೇ. "ಅಷ್ಟು ದೂರ ಹೋಗಿ ಅದನ್ನೇ ತೋರಿಸಲಿಲ್ವಾ?" ಎಂದು ಪಾಲಕರು ಕೇಳುತ್ತಾರೆ. ಉತ್ತರ ಮೊದಲೇ ತಯಾರಿರಲಿ.

ಆಗ್ರಾದ ಆಸೆಯನ್ನೂ ಬಿಡಿ. ಒಂದು ಇಡೀ ದಿನ ರಸ್ತೆಯಲ್ಲೇ ಹೋಗುತ್ತದೆ. ಹಟ ಹಿಡಿದು ಹೋಗುವುದೇ ಆದರೆ ಶುಕ್ರವಾರ ತಾಜ್‌ಮಹಲ್ ಮುಚ್ಚಿರುತ್ತದೆ ಅನ್ನುವುದು ನೆನಪಿರಲಿ.

ಹಂತ 2: ದಿನಾಂಕ

ಚಳಿಗಾಲ ಅಂದ ತಕ್ಷಣ ಡಿಸೆಂಬರ್ ಕೊನೆ ಅಂತ ಹೊರಡಬೇಡಿ. ಡಿಸೆಂಬರ್ ನಡುವಿನಿಂದ ಜನವರಿವರೆಗೆ ಉತ್ತರದಲ್ಲಿ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ದೀಪಾವಳಿ ಆದ ಮೇಲೆ ಕೆಲವು ವಾರ ಹೊಗೆ ಜಾಸ್ತಿ. ಅಸ್ತಮಾ ಇರುವ ಮಕ್ಕಳಿಗೆ ಅದು ಆಗುವುದೇ ಇಲ್ಲ. ಫೆಬ್ರವರಿ ಹವೆ ತುಂಬಾ ಚಂದ, ಆದರೆ ಪರೀಕ್ಷೆ ಹತ್ತಿರ. ನನ್ನ ಆಯ್ಕೆ ದಸರಾ ರಜೆಯ ಕೊನೆಯ ಭಾಗ. ವಿಜಯದಶಮಿ ಕಳೆದ ಮೇಲೆ ಹೋಗಿ. ಅದಕ್ಕೂ ಮೊದಲು ಕೆಂಪುಕೋಟೆಯ ಎದುರಿನ ಮೈದಾನಗಳಲ್ಲಿ ರಾಮಲೀಲಾ ನಡೆಯುತ್ತಿರುತ್ತದೆ, ಜನಜಾತ್ರೆ.

ಇನ್ನೆರಡು ಗಡಿ: ಜನವರಿಯಲ್ಲಿ ಗಣರಾಜ್ಯೋತ್ಸವದ ತಾಲೀಮಿಗಾಗಿ ಕರ್ತವ್ಯ ಪಥದ ಸುತ್ತ ರಸ್ತೆಗಳು ಬಂದ್ ಆಗುತ್ತವೆ. ಆಗಸ್ಟ್ 15ಕ್ಕೆ ಮೊದಲು ಕೆಂಪುಕೋಟೆ ಬಹಳ ದಿನ ಸಾರ್ವಜನಿಕರಿಗೆ ತೆರೆದಿರುವುದಿಲ್ಲ.

ಈಗ ಆ ಸೋಮವಾರ. ಕೆಂಪುಕೋಟೆ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಗಾಂಧಿ ಸ್ಮೃತಿ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ, ಎಲ್ಲವೂ ಅಂದು ಮುಚ್ಚಿರುತ್ತವೆ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ ತೆರೆದಿರುತ್ತವೆ. ಹಾಗಾಗಿ ಸೋಮವಾರವನ್ನು ಕುತುಬ್‌ಗೆ ಕೊಟ್ಟುಬಿಡಿ. ಅದೃಷ್ಟಕ್ಕೆ ಕಾಲಾನುಕ್ರಮದಲ್ಲೂ ಅದೇ ಮೊದಲು ಬರುತ್ತದೆ. ಶುಕ್ರವಾರ ಸಂಜೆ ಬೆಂಗಳೂರಿನಿಂದ ಹೊರಟರೆ ಸುಮಾರು 2400 ಕಿಲೋಮೀಟರ್, ಎರಡು ರಾತ್ರಿ ಕಳೆದು ಭಾನುವಾರ ದೆಹಲಿ. ಭಾನುವಾರ ಸ್ನಾನ, ನಿದ್ದೆ. ಸೋಮವಾರದಿಂದ ಗುರುವಾರ ನಾಲ್ಕು ದಿನ ಕೆಲಸ. ಶುಕ್ರವಾರ ವಾಪಸ್ ರೈಲು.

ಹಂತ 3: ಕಾಗದಪತ್ರ, ಹಣ, ಟಿಕೆಟ್

ನಾಲ್ಕು ತಿಂಗಳ ಮೊದಲು ಶುರು ಮಾಡಿ. ಪ್ರವಾಸದ ಬಗ್ಗೆ ಶಿಕ್ಷಣ ಇಲಾಖೆಯ ಸುತ್ತೋಲೆ ಇರುತ್ತದೆ. ಹಳೆಯದನ್ನು ನಂಬಿಕೊಂಡು ಕೂರದೆ ಈ ವರ್ಷದ್ದನ್ನು ಓದಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಥವಾ ಆಡಳಿತ ಮಂಡಳಿಯ ನಿರ್ಣಯ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಲಿಖಿತ ಅನುಮತಿ, ಪ್ರತಿ ಪಾಲಕರ ಸಹಿ ಇರುವ ಒಪ್ಪಿಗೆ ಪತ್ರ. ಬಾಯಿಮಾತಿನ ಒಪ್ಪಿಗೆಗೆ ಬೆಲೆ ಇಲ್ಲ.

ರೈಲಿನ ರಿಸರ್ವೇಷನ್ ಈಗ 60 ದಿನ ಮೊದಲು ತೆರೆಯುತ್ತದೆ. ಒಂದು ಅರ್ಜಿಗೆ ಆರು ಜನ ಮಾತ್ರ. ದೊಡ್ಡ ಗುಂಪಿಗೆ ಮುಖ್ಯೋಪಾಧ್ಯಾಯರ ಪತ್ರ, ಮಕ್ಕಳ ಪಟ್ಟಿ ಹಿಡಿದು ರೈಲ್ವೆಯ ವಾಣಿಜ್ಯ ವಿಭಾಗಕ್ಕೆ ಮೊದಲೇ ಅರ್ಜಿ ಹಾಕಬೇಕು. ಶೈಕ್ಷಣಿಕ ಪ್ರವಾಸಕ್ಕೆ ವಿದ್ಯಾರ್ಥಿ ರಿಯಾಯಿತಿ ಇದೆ: ಸ್ಲೀಪರ್‌ನಲ್ಲಿ ಅರ್ಧ ದರ, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಇನ್ನೂ ಹೆಚ್ಚು. ಗ್ರಾಮೀಣ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಎರಡನೇ ದರ್ಜೆಯಲ್ಲಿ ವಿಶೇಷ ರಿಯಾಯಿತಿಯೂ ಇದೆ. ನಿಗದಿತ ನಮೂನೆ ತುಂಬಿ ಕೌಂಟರ್‌ನಲ್ಲೇ ಮಾಡಿಸಬೇಕು. ಮೊಬೈಲಿನಲ್ಲಿ ಆತುರಕ್ಕೆ ಬುಕ್ ಮಾಡಿದರೆ ಆ ರಿಯಾಯಿತಿ ಹೋಯಿತು.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಒಂಬತ್ತನೇ ತರಗತಿಯಲ್ಲಿ ಕೆಲವರು 15 ದಾಟಿರುತ್ತಾರೆ, ಅವರ ಲೆಕ್ಕ ಬೇರೆ ಇಡಿ. ಎಲ್ಲರ ಶಾಲಾ ಗುರುತಿನ ಚೀಟಿ ಕೊರಳಲ್ಲಿರಲಿ, ಆಧಾರ್ ಪ್ರತಿ ಒಂದು ಫೈಲಿನಲ್ಲಿರಲಿ. ರಾಷ್ಟ್ರಪತಿ ಭವನಕ್ಕೆ ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು. ಸಂಸತ್ತು ನೋಡಬೇಕಿದ್ದರೆ ನಿಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಎರಡು ತಿಂಗಳ ಮೊದಲೇ ಪತ್ರ ಬರೆಯಿರಿ. ಸಿಕ್ಕರೆ ಸಿಕ್ಕಿತು, ಅದನ್ನೇ ನೆಚ್ಚಿಕೊಂಡು ದಿನದ ಯೋಜನೆ ಹಾಕಬೇಡಿ.

ಹಣದ ಲೆಕ್ಕದಲ್ಲಿ ಒಂದೇ ಮಾತು: ಒಟ್ಟು ಖರ್ಚಿನ ಹತ್ತನೇ ಒಂದು ಪಾಲು ತೆಗೆದಿಡಿ. ಒಬ್ಬರಿಗೆ ಜ್ವರ ಬಂದು ಆಸ್ಪತ್ರೆ, ಆಟೋ, ಔಷಧಿ ಅಂತಾದರೆ ಅದೇ ಕೈ ಹಿಡಿಯುವುದು. ದುಡ್ಡಿಲ್ಲ ಅಂತ ಹಿಂದೆ ಸರಿಯುವ ಮಕ್ಕಳೂ ಇರುತ್ತಾರೆ. ಅವರನ್ನು ತರಗತಿಯಲ್ಲಿ ಎದ್ದು ನಿಲ್ಲಿಸಿ ಕೇಳಬೇಡಿ. ಹಳೆಯ ವಿದ್ಯಾರ್ಥಿಗಳ ಹತ್ತಿರ ಸದ್ದಿಲ್ಲದೆ ಕೇಳಿದರೆ ಯಾರಾದರೂ ಕೊಡುತ್ತಾರೆ.

ಹಂತ 4: ಹೊರಡುವ ಮೊದಲಿನ ಆರು ವಾರ

ನನ್ನ ಅನುಭವದಲ್ಲಿ ಪ್ರವಾಸ ಗೆಲ್ಲುವುದು, ಸೋಲುವುದು ಇಲ್ಲೇ. ವಾರಕ್ಕೆ ಒಂದು ಪಿರಿಯಡ್ ಸಾಕು.

ಮೊದಲ ವಾರ ಬರೀ ಭೂಪಟ. ದೆಹಲಿಯ ಒಂದು ಕಡೆ ಅರಾವಳಿ ಬೆಟ್ಟಗಳ ಬಾಲ, ಇನ್ನೊಂದು ಕಡೆ ಯಮುನೆ. ಪಂಜಾಬಿನ ಬಯಲಿನಿಂದ ಗಂಗೆಯ ಬಯಲಿಗೆ ಇಳಿಯುವವರು ಹಾಯಲೇಬೇಕಾದ ಬಾಗಿಲು ಅದು. ಬೆಟ್ಟದಿಂದ ಕಲ್ಲು, ನದಿಯಿಂದ ನೀರು. "ನೀವು ರಾಜರಾಗಿದ್ದರೆ ಊರು ಎಲ್ಲಿ ಕಟ್ಟುತ್ತಿದ್ದಿರಿ?" ಎಂದು ಕೇಳಿ ಪೆನ್ಸಿಲಿನಲ್ಲಿ ಗುರುತು ಹಾಕಿಸಿ. ಆ ಹಾಳೆಗಳನ್ನು ಎತ್ತಿಡಿ, ವಾಪಸ್ ಬಂದ ಮೇಲೆ ಬೇಕಾಗುತ್ತವೆ.

ಎರಡನೇ ವಾರ ಗೋಡೆಗೆ ಉದ್ದ ಕಾಗದ ಅಂಟಿಸಿ ಎರಡು ಸಾಲು ಎಳೆಯಿರಿ. ಮೇಲಿನದು ದೆಹಲಿ, ಕೆಳಗಿನದು ಕರ್ನಾಟಕ. ಇದರಷ್ಟು ಕೆಲಸಕ್ಕೆ ಬಂದ ಪಾಠ ನನಗೆ ಇನ್ನೊಂದಿಲ್ಲ. 1199ರ ಹೊತ್ತಿಗೆ ಕುತುಬ್ ಮಿನಾರ್ ಶುರುವಾದಾಗ ಇಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಆಳುತ್ತಿದ್ದ. 1311ರಲ್ಲಿ ಅಲಾಉದ್ದೀನ್ ಖಿಲ್ಜಿ ಕುತುಬ್ ಆವರಣದಲ್ಲಿ ಅಲಾಯಿ ದರವಾಜಾ ಕಟ್ಟಿಸಿದ. ಅದೇ ವರ್ಷ ಅವನ ಸೇನಾಪತಿ ಮಲಿಕ್ ಕಾಫರ್ ಹೊಯ್ಸಳರ ರಾಜಧಾನಿ ದ್ವಾರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಬಾಗಿಲಲ್ಲಿದ್ದ. ಹಳೇಬೀಡು ನೋಡಿದ ಮಗುವಿಗೆ ಈ ಎರಡು ಗೆರೆ ಸೇರಿದಾಗ ಕಣ್ಣು ಅರಳುತ್ತದೆ. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದ್ದು 1327ರ ಸುಮಾರಿಗೆ. ನಾವು ಈಗಲೂ "ತುಘಲಕ್ ದರ್ಬಾರು" ಎಂದು ಬೈಯುವುದು ಅವನ ಆಳ್ವಿಕೆಯನ್ನೇ ನೆನೆದು. ಅವನು ಬದುಕಿರುವಾಗಲೇ 1336ರಲ್ಲಿ ವಿಜಯನಗರ, 1347ರಲ್ಲಿ ಬಹಮನಿ ರಾಜ್ಯ ಎದ್ದವು. ಶಹಜಹಾನ್ ಕೆಂಪುಕೋಟೆ, ಜಾಮಾ ಮಸೀದಿ ಕಟ್ಟಿಸಿದ ದಶಕಗಳಲ್ಲೇ ವಿಜಯಪುರದ ಗೋಳಗುಮ್ಮಟವೂ ಎದ್ದಿತು.

ಉಳಿದ ವಾರಗಳಲ್ಲಿ ಪ್ರತಿ ಗುಂಪಿಗೆ ಒಂದು ಜಾಗ ಒಪ್ಪಿಸಿ. ಎಂಟು ಮಕ್ಕಳ ಗುಂಪು, ಒಂದು ಗುಂಪಿಗೆ ಒಂದೇ ಜಾಗ. ಅಲ್ಲಿಗೆ ಹೋದಾಗ ಗೈಡ್ ಅವರೇ. ಬಾಯಿಪಾಠ ಒಪ್ಪಿಸುವುದು ಬೇಡ, "ಇಲ್ಲಿ ಮೂರು ವಿಷಯ ನೋಡಿ" ಎಂದು ತೋರಿಸಿದರೆ ಸಾಕು.

ಹಂತ 5: ನಾಲ್ಕು ದಿನ

ಸೋಮವಾರ, ಮೆಹ್ರೌಲಿ. ಬೆಳಿಗ್ಗೆ ಬೇಗ ಕುತುಬ್ ಆವರಣಕ್ಕೆ ಹೋಗಿ. ಸುಮಾರು 73 ಮೀಟರ್ ಎತ್ತರದ ಮಿನಾರನ್ನು ಕುತ್ಬುದ್ದೀನ್ ಐಬಕ್ ಶುರು ಮಾಡಿದ, ಇಲ್ತುಮಿಷ್ ಮುಂದುವರಿಸಿದ, ಸಿಡಿಲು ಬಡಿದ ಮೇಲೆ ಫಿರೋಜ್ ಷಾ ತುಘಲಕ್ ಮೇಲಿನ ಅಂತಸ್ತು ಮತ್ತೆ ಕಟ್ಟಿಸಿದ. ಮೇಲೆ ಹೋಗುತ್ತ ಕಲ್ಲಿನ ಬಣ್ಣ ಬದಲಾಗುವುದನ್ನು ಮಕ್ಕಳೇ ಹುಡುಕಲಿ. ಪಕ್ಕದ ಕಬ್ಬಿಣದ ಕಂಬ ಮಿನಾರಿಗಿಂತ ಸುಮಾರು ಎಂಟು ನೂರು ವರ್ಷ ಹಳೆಯದು. ಗುಪ್ತರ ಕಾಲದ ಬ್ರಾಹ್ಮಿ ಲಿಪಿಯಲ್ಲಿ "ಚಂದ್ರ" ಎಂಬ ರಾಜನ ಹೊಗಳಿಕೆ ಇದೆ. ಅದು ಎರಡನೇ ಚಂದ್ರಗುಪ್ತ ಎನ್ನುವುದು ಹೆಚ್ಚಿನ ವಿದ್ವಾಂಸರ ಮಾತು.

ಇಲ್ಲಿ ಒಂದು ಕಷ್ಟದ ಗಳಿಗೆ ಬರುತ್ತದೆ. ಕುವ್ವತ್-ಉಲ್-ಇಸ್ಲಾಂ ಮಸೀದಿಯ ಕಂಬಗಳಲ್ಲಿ ಗಂಟೆ, ಸರಪಳಿ, ಕೀರ್ತಿಮುಖ ಕಾಣುತ್ತವೆ. 27 ದೇವಾಲಯಗಳ ಸಾಮಗ್ರಿ ಬಳಸಿದ್ದಾಗಿ ಅಲ್ಲಿನ ಶಾಸನವೇ ಹೇಳುತ್ತದೆ. ಮಕ್ಕಳು ಕೇಳುತ್ತಾರೆ. ಮುಚ್ಚಿಡಬೇಡಿ, ಭಾಷಣವನ್ನೂ ಮಾಡಬೇಡಿ. ಶಾಸನ ಏನು ಹೇಳುತ್ತದೆ, ಯಾರು ಯಾಕೆ ಬರೆಸಿದರು, ಗೆದ್ದ ರಾಜನಿಗೆ ಇದರಿಂದ ಏನು ತೋರಿಸಬೇಕಿತ್ತು ಎಂದು ಕೇಳಿ, ಬರೆಯಲು ಬಿಡಿ. ಇಂದು ಪಕ್ಕದಲ್ಲಿ ಕೂತಿರುವ ಸಹಪಾಠಿ ಅದಕ್ಕೆ ಉತ್ತರ ಕೊಡಬೇಕಾದವನಲ್ಲ ಎನ್ನುವುದನ್ನು ಮಾತ್ರ ಅಲ್ಲೇ ಸ್ಪಷ್ಟವಾಗಿ ಹೇಳಿ.

ಮಧ್ಯಾಹ್ನ ಮೆಹ್ರೌಲಿ ಪುರಾತತ್ವ ಉದ್ಯಾನದಲ್ಲಿ ಸುಲ್ತಾನ ಬಲ್ಬನ್ ಸಮಾಧಿಯ ಕಮಾನು ನೋಡಿ. ಕುತುಬ್ ಮಸೀದಿಯ ಕಮಾನಿನಲ್ಲಿ ಕಲ್ಲುಗಳು ಒಂದರ ಮೇಲೊಂದು ಮುಂದೆ ಚಾಚಿ ಕೂತಿವೆ, ನಮ್ಮ ದೇವಸ್ಥಾನ ಕಟ್ಟುವವರ ರೀತಿ. ಬಲ್ಬನ್‌ನಲ್ಲಿ ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿವೆ. ಎರಡನ್ನೂ ಚಿತ್ರ ಬರೆಸಿದರೆ ಸಾಕು, ವಾಸ್ತುಶಿಲ್ಪದ ಪಾಠ ಮುಗಿಯಿತು. ಆಮೇಲೆ ಇಲ್ತುಮಿಷ್ ಕಟ್ಟಿಸಿದ ಕೆರೆ ಹೌಜ್-ಇ-ಶಮ್ಸಿ. ಯಮುನೆಯಿಂದ ಇಷ್ಟು ದೂರದ ರಾಜಧಾನಿಗೆ ನೀರು ಎಲ್ಲಿಂದ ಬಂತು? ನಮ್ಮ ಪ್ರಶ್ನೆಯ ಮೊದಲ ಸುಳಿವು ಇದು.

ಮಂಗಳವಾರ, ಪುರಾನಾ ಕಿಲಾ ಮತ್ತು ಹುಮಾಯೂನ್ ಸಮಾಧಿ. ಪುರಾನಾ ಕಿಲಾದಲ್ಲಿ ನಡೆದ ಅಗೆತಗಳಲ್ಲಿ ಮೌರ್ಯರ ಕಾಲದಿಂದ ಮೊಘಲರವರೆಗೂ ಪದರದ ಮೇಲೆ ಪದರ ಸಿಕ್ಕಿದೆ. ಊರಿನ ಮೇಲೆ ಊರು ಅನ್ನುವುದನ್ನು ಇದಕ್ಕಿಂತ ಸುಲಭವಾಗಿ ತೋರಿಸುವ ಜಾಗವಿಲ್ಲ. ಹುಮಾಯೂನ್ ಶುರು ಮಾಡಿದ್ದನ್ನು ಅವನನ್ನು ಓಡಿಸಿದ ಶೇರ್ ಷಾ ಮುಂದುವರಿಸಿದ. ಕೊನೆಗೆ 1556ರಲ್ಲಿ ಹುಮಾಯೂನ್ ಜಾರಿ ಬಿದ್ದು ಸತ್ತದ್ದು ಇಲ್ಲಿನ ಶೇರ್ ಮಂಡಲ ಎಂಬ ಎರಡಂತಸ್ತಿನ ಕಟ್ಟಡದ ಮೆಟ್ಟಿಲಿನಿಂದ. ಮಕ್ಕಳಿಗೆ ಈ ಕಥೆ ಸಾಕಾಗುವುದೇ ಇಲ್ಲ. ಮಧ್ಯಾಹ್ನ ಅವನ ಸಮಾಧಿಗೆ. ಅಲ್ಲಿ ತಾಜ್‌ಮಹಲಿನ ಮೊದಲ ಕರಡು ಕಾಣುತ್ತದೆ. 1857ರ ಸೆಪ್ಟೆಂಬರ್‌ನಲ್ಲಿ ಕೊನೆಯ ಮೊಘಲ ಬಹದ್ದೂರ್ ಷಾ ಜಫರ್ ಬ್ರಿಟಿಷರಿಗೆ ಸೆರೆಸಿಕ್ಕಿದ್ದೂ ಅಲ್ಲೇ. ಇದನ್ನು ಹೇಳಿ ನಿಲ್ಲಿಸಿ, ಮುಂದಿನದು ನಾಳೆಗೆ.

ದಾರಿಯಲ್ಲಿ ಅರ್ಧ ಗಂಟೆ ಸಿಕ್ಕರೆ ಶ್ರೀನಿವಾಸಪುರಿ ಹತ್ತಿರದ ಬಹಾಪುರ ಬಂಡೆಗೆ ಹೋಗಿ. 1966ರಲ್ಲಿ ಪತ್ತೆಯಾದ ಅಶೋಕನ ಶಾಸನ. ಯಾವ ಟೂರಿನವರೂ ಕರೆದುಕೊಂಡು ಹೋಗುವುದಿಲ್ಲ. ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿ ಇರುವ ಕಿರು ಶಿಲಾಶಾಸನದ ಪಾಠವೇ ಇಲ್ಲೂ ಇದೆ. ರಾಯಚೂರಿನಿಂದ ದೆಹಲಿವರೆಗೆ ಒಂದೇ ಸುತ್ತೋಲೆ! ಇಲಾಖೆಯ ಸುತ್ತೋಲೆ ನೋಡಿ ನೋಡಿ ಸಾಕಾದ ನಮ್ಮಂಥ ಮೇಷ್ಟ್ರುಗಳಿಗೂ ಅಲ್ಲಿ ಒಂದು ಕ್ಷಣ ಮೈ ಜುಮ್ಮೆನ್ನುತ್ತದೆ.

ಬುಧವಾರ, ಕೆಂಪುಕೋಟೆ. 1639ರಿಂದ 1648ರವರೆಗೆ ಕಟ್ಟಿದ್ದು. ಶಹಜಹಾನ್ ಆಗ್ರಾದಿಂದ ರಾಜಧಾನಿ ಇಲ್ಲಿಗೆ ತಂದ. ಒಳಗೆ ಹೋದ ಮೇಲೆ ಮಕ್ಕಳಿಗೆ ಒಂದೇ ಕೆಲಸ ಕೊಡಿ: "ಮೊಘಲರ ಕಟ್ಟಡ ಯಾವುದು, ಬ್ರಿಟಿಷರದು ಯಾವುದು, ಬೇರೆ ಮಾಡಿ." 1857ರ ನಂತರ ಬ್ರಿಟಿಷರು ಅರಮನೆಯ ಬಹುಭಾಗ ಕೆಡವಿ ಸೈನಿಕರ ಬ್ಯಾರಕ್ ಕಟ್ಟಿದರು. ದಿವಾನ್-ಇ-ಆಮ್ (ರಾಜ ಜನರ ಅಹವಾಲು ಕೇಳುತ್ತಿದ್ದ ಸಭಾಂಗಣ) ಸುತ್ತಲಿನ ಖಾಲಿ ಹುಲ್ಲುಹಾಸು ಯಾಕೆ ಖಾಲಿ ಎಂದು ಮಕ್ಕಳು ತಾವೇ ಊಹಿಸಿದರೆ ಅದು ದೊಡ್ಡ ಗೆಲುವು. ಬಹದ್ದೂರ್ ಷಾನ ವಿಚಾರಣೆ 1858ರಲ್ಲಿ, ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ 1945ರಲ್ಲಿ, ಎರಡೂ ಇದೇ ಕೋಟೆಯಲ್ಲಿ. ಬ್ಯಾರಕ್‌ಗಳಲ್ಲೇ ಈಗ ವಸ್ತುಸಂಗ್ರಹಾಲಯಗಳಿವೆ. ನೇತಾಜಿ ಮತ್ತು ಆಜಾದ್ ಹಿಂದ್ ಫೌಜಿನದಕ್ಕೆ ಒಂದು ಗಂಟೆ ಕೊಡಿ. ಜಾಮಾ ಮಸೀದಿಗೆ ನಮಾಜಿನ ಹೊತ್ತು ಬಿಟ್ಟು ಹೋಗಿ, ಎಲ್ಲರಿಗೂ ಮೈತುಂಬ ಬಟ್ಟೆ ಇರಲಿ.

ಗುರುವಾರ, ಹೊಸ ದೆಹಲಿ. ಬೆಳಿಗ್ಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹರಪ್ಪ ಗ್ಯಾಲರಿ ಮಾತ್ರ. ಇಡೀ ಮ್ಯೂಸಿಯಂ ಸುತ್ತಿಸಿದರೆ ಮಕ್ಕಳು ಹತ್ತನೇ ನಿಮಿಷಕ್ಕೆ ಬೆಂಚು ಹುಡುಕುತ್ತಾರೆ. ಯಾವ ಗ್ಯಾಲರಿ ತೆರೆದಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮೊಹೆಂಜೊದಾರೋದ ನರ್ತಕಿ ಪುಸ್ತಕದ ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತಾಳೆ. ನಿಜದಲ್ಲಿ ಹತ್ತೂವರೆ ಸೆಂಟಿಮೀಟರ್, ಅಷ್ಟೇ. "ಇಷ್ಟೇನಾ ಸರ್?" ಅನ್ನುವುದು ಗ್ಯಾರಂಟಿ.

ಆಮೇಲೆ ಇಂಡಿಯಾ ಗೇಟ್‌ನಿಂದ ರಾಷ್ಟ್ರಪತಿ ಭವನ ಇರುವ ರೈಸಿನಾ ಗುಡ್ಡದ ಕಡೆ ನೋಡುತ್ತ ನಿಂತುಕೊಳ್ಳಿ. ರಾಜಧಾನಿ ಕಲ್ಕತ್ತಾದಿಂದ ದೆಹಲಿಗೆ ಬರುತ್ತದೆ ಎಂದು ಐದನೇ ಜಾರ್ಜ್ ಸಾರಿದ್ದು 1911ರ ಡಿಸೆಂಬರ್ 12ರಂದು, ಹೊಸ ನಗರದ ಉದ್ಘಾಟನೆ 1931ರ ಫೆಬ್ರವರಿಯಲ್ಲಿ. ಬ್ರಿಟಿಷ್ ವಾಸ್ತುಶಿಲ್ಪಿಗಳಾದ ಲ್ಯೂಟೆನ್ಸ್, ಬೇಕರ್ ಕಟ್ಟಿದ ಸಾಮ್ರಾಜ್ಯದ ಊರು ಆ ಸಾಮ್ರಾಜ್ಯಕ್ಕೆ ದಕ್ಕಿದ್ದು ಹದಿನಾರೇ ವರ್ಷ. ಹಳೆಯ ಸಂಸತ್ ಭವನದಲ್ಲಿ 1946ರ ಡಿಸೆಂಬರ್ 9ರಂದು ಸಂವಿಧಾನ ಸಭೆ ಸೇರಿತು. ಅದರ ಸಾಂವಿಧಾನಿಕ ಸಲಹೆಗಾರ ಬಿ.ಎನ್. ರಾವ್ ಮಂಗಳೂರಿನವರು ಎಂದು ಹೇಳಲು ಮರೆಯಬೇಡಿ.

ಕೊನೆಯದು ಗಾಂಧಿ ಸ್ಮೃತಿ. ಗಾಂಧೀಜಿ ಕೊನೆಯ 144 ದಿನ ಇದ್ದ ಮನೆ. 1948ರ ಜನವರಿ 30ರಂದು ಅವರು ನಡೆದ ದಾರಿಯನ್ನು ಕಲ್ಲಿನ ಹೆಜ್ಜೆಗಳಲ್ಲಿ ಗುರುತಿಸಿದ್ದಾರೆ. ಇಲ್ಲಿ ಯಾವ ಗುಂಪೂ ಗೈಡ್ ಆಗುವುದು ಬೇಡ. ಸುಮ್ನೆ ನಡೆಯಲಿ.

ಹಂತ 6: ಸ್ಥಳದಲ್ಲಿ ನಡೆಸುವ ರೀತಿ

ದಿನಕ್ಕೆ ಎರಡೇ ದೊಡ್ಡ ಜಾಗ. ಪ್ರತಿ ಜಾಗದಲ್ಲಿ ಇಪ್ಪತ್ತು ನಿಮಿಷ ಯಾರೂ ಮಾತಾಡದೆ ಕೂತು ಏನಾದರೂ ಒಂದನ್ನು ಚಿತ್ರ ಬರೆಯಬೇಕು. ಚಿತ್ರ ಚೆನ್ನಾಗಿರಬೇಕಿಲ್ಲ. ಫೋಟೋ ತೆಗೆದವನಿಗಿಂತ ಬರೆದವನು ಹೆಚ್ಚು ನೋಡಿರುತ್ತಾನೆ. ರಾತ್ರಿ ಊಟದ ಮೇಲೆ ಹದಿನೈದು ನಿಮಿಷ: ಇವತ್ತು ನಮ್ಮ ಪ್ರಶ್ನೆಗೆ ಏನು ಸಿಕ್ಕಿತು? ಪ್ರತಿಯೊಬ್ಬರೂ ಒಂದು ಸಾಲು.

ಹಂತ 7: ಸುರಕ್ಷತೆ

ಕುತುಬ್ ಮಿನಾರಿನ ಒಳಗೆ ಈಗ ಯಾರನ್ನೂ ಬಿಡುವುದಿಲ್ಲ. 1981ರ ಡಿಸೆಂಬರ್ 4ರಂದು ಒಳಗಿನ ಮೆಟ್ಟಿಲಲ್ಲಿ ದೀಪ ಹೋಗಿ ನೂಕುನುಗ್ಗಲಾಯಿತು. 45 ಜನ ಸತ್ತರು, ಹೆಚ್ಚಿನವರು ಶಾಲಾ ಮಕ್ಕಳು. ನಮ್ಮ ಶಿಕ್ಷಕರ ಸಭೆಯಲ್ಲಿ ನಾನು ಇದನ್ನು ಪ್ರತಿ ಸಲ ಹೇಳುತ್ತೇನೆ. ಇಕ್ಕಟ್ಟಾದ ಮೆಟ್ಟಿಲು, ಕತ್ತಲು, ಹಿಂದಿನಿಂದ ನೂಕುವ ಗುಂಪು ಕಂಡರೆ ಆ ಜಾಗ ಬಿಟ್ಟುಬಿಡಿ. ಎಷ್ಟೇ ಪ್ರಸಿದ್ಧವಾಗಿರಲಿ.

ಎಂಟು ಮಕ್ಕಳಿಗೆ ಒಬ್ಬ ಶಿಕ್ಷಕರು ಇದ್ದರೆ ಚೆನ್ನ, ಹನ್ನೆರಡಕ್ಕಿಂತ ಜಾಸ್ತಿ ಬೇಡ. ಹುಡುಗಿಯರಿದ್ದರೆ ಶಿಕ್ಷಕಿಯರು ಕಡ್ಡಾಯ, ಕನಿಷ್ಠ ಇಬ್ಬರು. ಒಬ್ಬರಿಗೆ ಹುಷಾರು ತಪ್ಪಿದರೆ ಇನ್ನೊಬ್ಬರು ಬೇಕಲ್ವಾ? ತಲೆ ಎಣಿಸುವುದು ಹತ್ತುವಾಗ, ಇಳಿದಾಗ, ಶೌಚಾಲಯದಿಂದ ಬಂದಾಗ. ಮಕ್ಕಳಿಗೆ ಕ್ರಮಸಂಖ್ಯೆ ಕೊಟ್ಟು ಅವರೇ ಕೂಗುವಂತೆ ಮಾಡಿದರೆ ಅರ್ಧ ನಿಮಿಷದ ಕೆಲಸ.

ಮೆಟ್ರೋ ಒಳ್ಳೆಯದು. ಕುತುಬ್ ಮಿನಾರ್, ಲಾಲ್ ಕಿಲಾ (ಕೆಂಪುಕೋಟೆ), ಜಾಮಾ ಮಸೀದಿ ಮೂರಕ್ಕೂ ಅದೇ ಹೆಸರಿನ ನಿಲ್ದಾಣವಿದೆ. ಆದರೆ ತಪಾಸಣೆಗೆ ಸಮಯ ಹಿಡಿಯುತ್ತದೆ, ಕಚೇರಿ ಹೊತ್ತಿನಲ್ಲಿ ಗುಂಪು ಒಡೆಯುತ್ತದೆ. ಬಾಗಿಲು ಮುಚ್ಚಿ ಯಾರಾದರೂ ಉಳಿದರೆ ಏನು ಮಾಡಬೇಕು ಎಂಬುದನ್ನು ಶಾಲೆಯಲ್ಲೇ ಆಟವಾಡಿ ಕಲಿಸಿ: ಉಳಿದವರು ಅಲ್ಲೇ ನಿಲ್ಲಬೇಕು, ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ನಿಲ್ಲಬೇಕು, ಶಿಕ್ಷಕರು ಹುಡುಕಿ ಬರುತ್ತಾರೆ. ಹಿಂದಿ ಬಾರದ ಮಕ್ಕಳ ಜೇಬಿನಲ್ಲಿ ವಸತಿಯ ವಿಳಾಸ, ಇಬ್ಬರು ಶಿಕ್ಷಕರ ನಂಬರ್ ಹಿಂದಿಯಲ್ಲಿ ಬರೆದ ಚೀಟಿ ಇರಲಿ.

ಹಂತ 8: ಊರಿಗೆ ಬಂದ ಮೇಲೆ

ಒಂದು ವಾರದೊಳಗೆ ಮುಗಿಸಿ. ತಡವಾದರೆ ಎಲ್ಲ ಆರಿಹೋಗುತ್ತದೆ. ಎತ್ತಿಟ್ಟ ಭೂಪಟಗಳನ್ನು ತೆಗೆದು "ಈಗ ಎಲ್ಲಿ ಕಟ್ಟುತ್ತೀರಿ?" ಎಂದು ಇನ್ನೊಂದು ಬಣ್ಣದಲ್ಲಿ ಗುರುತು ಹಾಕಿಸಿ. ನಮ್ಮಲ್ಲಿ ಒಬ್ಬ ಹುಡುಗ ನದಿ ಬಿಟ್ಟು ಬೆಟ್ಟಕ್ಕೆ ಹೋದ, ಪಕ್ಕದಲ್ಲಿ ಒಂದು ಕೆರೆ ಬರೆದ. ಇನ್ನೊಬ್ಬಳು ದೆಹಲಿಯನ್ನೇ ಬಿಟ್ಟು ಹಂಪಿಯಲ್ಲಿ ಗುರುತು ಹಾಕಿ "ಇಲ್ಲಿ ಬಂಡೆಗಳೇ ಕೋಟೆ" ಎಂದು ಬರೆದಿದ್ದಳು. ಇಬ್ಬರ ಜತೆಗೂ ಅರ್ಧ ಗಂಟೆ ವಾದ ಮಾಡಿದೆವು.

ಚಿತ್ರಗಳನ್ನು ಆ ಎರಡು ಸಾಲಿನ ಕಾಗದದ ಮೇಲೆ ಆಯಾ ಇಸವಿಗೆ ಅಂಟಿಸಿ ಪಾಲಕರನ್ನು ಕರೆಯಿರಿ. ಪ್ರವಾಸಕ್ಕೆ ಬರಲಾಗದ ಮಕ್ಕಳೇ ಅಂದು ಪ್ರಶ್ನೆ ಕೇಳುವವರು. ಖರ್ಚಿನ ಲೆಕ್ಕ, ರಸೀದಿ ಅದೇ ದಿನ ಗೋಡೆಯ ಮೇಲಿರಲಿ. ಉಳಿದ ದುಡ್ಡು ಎಷ್ಟೇ ಚಿಕ್ಕದಾದರೂ ಹಂಚಿ ವಾಪಸ್ ಕೊಡಿ.